ಶಾಖ ತಾಳುವ ಕಿಣ್ವಗಳು: ರೈತರಿಗೆ ಅದರಿಂದೇನು?



ಇವತ್ತು ನಾನು ಹೇಳಬೇಕೆಂದಿರುವುದು ಬಿತ್ತನೆಯ ಮಾತಲ್ಲ, ಕಳೆ ಕೀಳುವ ಮಾತೂ ಅಲ್ಲ. ಕಣದಿಂದ ಚೀಲ ಹೊರಟ ಮೇಲೆ ನಿಮ್ಮ ಮೆಕ್ಕೆಜೋಳಕ್ಕೆ, ಹತ್ತಿಗೆ, ನೀಲಗಿರಿ ಮರಕ್ಕೆ ಕಾರ್ಖಾನೆಯಲ್ಲಿ ಏನಾಗುತ್ತದೆ, ಅಲ್ಲಿ ಕೆಲಸ ಮಾಡುವ ಕಣ್ಣಿಗೆ ಕಾಣದ ಆಳು ಯಾರು ಎಂಬ ಮಾತು. ಆ ಆಳಿನ ಹೆಸರು ಕಿಣ್ವ. ಅದರಲ್ಲೂ ಕುದಿಯುವ ನೀರಿನಲ್ಲೂ ಕೆಡದೆ ದುಡಿಯುವ ಕಿಣ್ವ.

“ಕಾರ್ಖಾನೆಯ ಸಂಗತಿ ನಮಗೇಕೆ ಸ್ವಾಮಿ?” ಅಂತ ನೀವು ಕೇಳಬಹುದು. ಕೇಳಬೇಕಾದ ಮಾತೇ. ಆದರೆ ಯೋಚನೆ ಮಾಡಿ ನೋಡಿ. ಕಾರ್ಖಾನೆ ನಿಮ್ಮ ಕಾಳನ್ನು ಕೊಳ್ಳುತ್ತದೆ. ಅಲ್ಲಿ ಉಳಿದ ಹಿಂಡಿ ನಿಮ್ಮ ಕೊಟ್ಟಿಗೆಗೇ ತಿರುಗಿ ಬರುತ್ತದೆ. ಅಲ್ಲಿಂದ ಹೊರಬಿದ್ದ ನೀರು ನಿಮ್ಮ ಹಳ್ಳಕ್ಕೋ ಹೊಳೆಗೋ ಸೇರುತ್ತದೆ. ಈ ಮೂರೂ ನಿಮ್ಮ ಸಂಸಾರಕ್ಕೆ ಸಂಬಂಧಪಟ್ಟವು. ಆದ್ದರಿಂದ ಆ ಆಳಿನ ಗುಣವೇನು, ಅವನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ನೀವು ತಿಳಿದಿರುವುದು ಒಳ್ಳೆಯದು.

ಮೊದಲು ಕಿಣ್ವ ಅಂದರೆ ಏನು ಎಂದು ನೋಡೋಣ. ಒಣ ರೊಟ್ಟಿಯ ಒಂದು ಚೂರನ್ನು ಪಲ್ಯವಿಲ್ಲದೆ ಬಾಯಲ್ಲಿಟ್ಟು ನಿಧಾನವಾಗಿ ಅಗಿಯುತ್ತಾ ಇರಿ. ಸ್ವಲ್ಪ ಹೊತ್ತಿಗೆ ಅದು ಸಿಹಿಯಾಗುತ್ತದೆ. ಸಕ್ಕರೆ ಹಾಕಿದವರು ಯಾರೂ ಇಲ್ಲ. ನಿಮ್ಮ ಎಂಜಲಿನಲ್ಲಿರುವ ಒಂದು ಕಿಣ್ವ ರೊಟ್ಟಿಯ ಪಿಷ್ಟವನ್ನು ಕತ್ತರಿಸಿ ಸಕ್ಕರೆಯ ಜಾತಿಗೆ ತಿರುಗಿಸಿತು, ಅಷ್ಟೆ. ಬಲಿತ ಮಾಂಸ ಬೇಯದಿದ್ದರೆ ಪರಂಗಿಕಾಯಿಯ ತುಂಡು ಹಾಕುವ ಪದ್ಧತಿ ನಮ್ಮಲ್ಲಿದೆಯಲ್ಲ, ಅದೂ ಕಿಣ್ವದ ಕೆಲಸವೇ. ಕಿಣ್ವಕ್ಕೆ ಜೀವವಿಲ್ಲ, ಅದು ಹುಳುವಲ್ಲ, ಬೀಜವೂ ಅಲ್ಲ. ಜೀವಿಗಳು ತಮ್ಮ ಕೆಲಸಕ್ಕೆಂದು ಮಾಡಿಕೊಂಡ ಉಪಕರಣ. ಕುಡುಗೋಲು ಕೊಯ್ಲಿಗೆ, ಕುಂಟೆ ಕಳೆಗೆ ಎನ್ನುವ ಹಾಗೆ ಒಂದೊಂದು ಕಿಣ್ವಕ್ಕೆ ಒಂದೊಂದೇ ಕೆಲಸ. ಪಿಷ್ಟ ಕತ್ತರಿಸುವುದು ಮಾಂಸ ಕತ್ತರಿಸದು. ಇನ್ನೊಂದು ವಿಶೇಷ ಏನೆಂದರೆ, ಕೊಯ್ದ ಮೇಲೂ ಕುಡುಗೋಲು ಉಳಿಯುವಂತೆ ಕೆಲಸ ಮುಗಿದ ಮೇಲೂ ಕಿಣ್ವ ಉಳಿದಿರುತ್ತದೆ. ಹಾಗಾಗಿ ಸ್ವಲ್ಪವೇ ಹಾಕಿದರೂ ಬಹಳ ಕೆಲಸ ಮಾಡುತ್ತದೆ.

ಆದರೆ ಈ ಆಳಿಗೆ ಒಂದು ದೌರ್ಬಲ್ಯ ಉಂಟು. ಬಿಸಿ ತಡೆಯುವುದಿಲ್ಲ. ಮೊಟ್ಟೆಯನ್ನು ಕಾದ ಬಾಣಲೆಗೆ ಒಡೆದು ಹಾಕಿದರೆ ನೀರಿನಂತಿದ್ದ ಲೋಳೆ ಬೆಳ್ಳಗೆ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ತಣ್ಣಗೆ ಮಾಡಿದರೂ ಅದು ಮತ್ತೆ ಲೋಳೆಯಾಗುವುದಿಲ್ಲ. ಕಿಣ್ವವೂ ಮೊಟ್ಟೆಯ ಲೋಳೆಯಂತೆ ಪ್ರೋಟೀನೇ. ಅದು ಉದ್ದನೆಯ ಒಂದು ಸರ. ತನ್ನ ಮೇಲೆ ತಾನೇ ಮಡಿಚಿಕೊಂಡು ಒಂದು ಆಕಾರಕ್ಕೆ ಬಂದಿರುತ್ತದೆ. ಆ ಆಕಾರವೇ ಅದರ ಅಲಗು. ಬಿಸಿ ಏರಿದರೆ ಮಡಿಕೆ ಬಿಚ್ಚಿಹೋಗುತ್ತದೆ, ಅಲಗು ಮೊಂಡಾಗುತ್ತದೆ. ಸಾಮಾನ್ಯ ಕಿಣ್ವಗಳು ೬೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲೇ ಸೋತುಹೋಗುತ್ತವೆ.

ಹಾಗಾದರೆ ಬಿಸಿ ತಾಳುವ ಕಿಣ್ವ ಎಲ್ಲಿಂದ ಬಂತು? ಬಿಸಿಯಲ್ಲೇ ಬಾಳುವ ಜೀವಿಗಳಿಂದ. ಹಿಮಾಚಲ ಪ್ರದೇಶದ ಮಣಿಕರಣದಲ್ಲಿ ನೆಲದಿಂದ ಉಕ್ಕುವ ನೀರಿನಲ್ಲಿ ಅಕ್ಕಿಯ ಗಂಟು ಇಳಿಬಿಟ್ಟರೆ ಅನ್ನ ಬೇಯುತ್ತದೆ. ಅಂಥ ಬಿಸಿ ಬುಗ್ಗೆಗಳಲ್ಲಿ ಯಾವ ಜೀವಿಯೂ ಇರಲಾರದು ಅಂತ ಹಿಂದೆ ತಿಳಿದಿದ್ದರು. ಅಮೆರಿಕದ ಯೆಲ್ಲೋಸ್ಟೋನ್ ಎಂಬಲ್ಲಿ ಇಂಥ ಬುಗ್ಗೆಗಳು ಹೇರಳವಾಗಿವೆ. ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ತಮ್ಮ ವಿದ್ಯಾರ್ಥಿಯೊಡನೆ ೧೯೬೬ರಲ್ಲಿ ಅಲ್ಲಿ ಸುಮಾರು ೭೦ ಡಿಗ್ರಿ ಬಿಸಿಯಲ್ಲಿ ಸುಖವಾಗಿ ಬೆಳೆಯುವ ಒಂದು ಸೂಕ್ಷ್ಮಜೀವಿಯನ್ನು ಕಂಡು, ೧೯೬೯ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟರು. ೨೦೨೦ರಲ್ಲಿ ಕೊರೋನಾ ಬಂದಾಗ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದ್ದು ನಿಮಗೆಲ್ಲ ನೆನಪಿದೆ. ಆ ಪರೀಕ್ಷೆಯಲ್ಲಿ ಮಾದರಿಯನ್ನು ಹತ್ತಾರು ಸಲ ಸುಮಾರು ೯೫ ಡಿಗ್ರಿಗೆ ಕಾಯಿಸಿ ಆರಿಸಬೇಕು. ಅಷ್ಟು ಕಾಯಿಸಿದರೂ ಕೆಡದ ಕಿಣ್ವವನ್ನು ಮೊದಲು ಕೊಟ್ಟದ್ದು ಈ ಬುಗ್ಗೆಯ ಜೀವಿಯೇ.

ದೂರದ ಮಾತು ಏಕೆ, ನಿಮ್ಮ ಗೊಬ್ಬರದ ರಾಶಿಯನ್ನೇ ನೋಡಿ. ಸೆಗಣಿ, ಸೊಪ್ಪು, ಕಸ ಸೇರಿಸಿ ಹದವಾಗಿ ನೀರು ಕೊಟ್ಟು ಒಟ್ಟಿದ ರಾಶಿಯ ಹೊಟ್ಟೆಗೆ ನಾಲ್ಕಾರು ದಿನ ಬಿಟ್ಟು ಕಬ್ಬಿಣದ ಸಲಾಕೆ ಚುಚ್ಚಿ ತೆಗೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಒಳಗೆ ೬೦ ರಿಂದ ೭೦ ಡಿಗ್ರಿ ಇರುತ್ತದೆ. ಆ ಬಿಸಿಯಲ್ಲೇ ದಂಟು ಕರಗಿ ಗೊಬ್ಬರವಾಗುತ್ತದೆ. ಅಲ್ಲಿ ದುಡಿಯುವುದೂ ಶಾಖ ತಾಳುವ ಕಿಣ್ವಗಳೇ.

ಇವು ಹೇಗೆ ತಾಳುತ್ತವೆ? ಬೇರೆ ಲೋಕದ ಪದಾರ್ಥದಿಂದೇನೂ ಮಾಡಿದ್ದಲ್ಲ. ನಮ್ಮ ಮೈಯ ಪ್ರೋಟೀನು ಯಾವ ೨೦ ಬಗೆಯ ಮಣಿಗಳಿಂದ ಪೋಣಿಸಿದ್ದೋ ಇವೂ ಅದರಿಂದಲೇ. ವ್ಯತ್ಯಾಸ ಕಟ್ಟಿನಲ್ಲಿದೆ. ಹುಲ್ಲು ಹೇರಿದ ಬಂಡಿಗೆ ಒಂದೇ ಹಗ್ಗ ಬಿಗಿದರೆ ಮೊದಲ ಹಳ್ಳದಲ್ಲೇ ಹೊರೆ ಜಾರುತ್ತದೆ. ನಾಲ್ಕು ಕಡೆ ಬಿಗಿದರೆ ಎಂಥ ಕೊರಕಲು ದಾರಿಯಲ್ಲೂ ಊರು ಸೇರುತ್ತದೆ. ಶಾಖ ತಾಳುವ ಕಿಣ್ವ ನಾಲ್ಕು ಕಡೆ ಬಿಗಿದ ಹೊರೆ. ಈಗ ಕಾರ್ಖಾನೆಯವರು ಇವನ್ನು ಬುಗ್ಗೆಯಿಂದ ಮೊಗೆದು ತರುವುದಿಲ್ಲ. ಒಳ್ಳೆಯ ಸೂಕ್ಷ್ಮಜೀವಿಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಅವು ಒಸರಿದ ಕಿಣ್ವವನ್ನು ಸೋಸಿ ತೆಗೆಯುತ್ತಾರೆ.

ಇನ್ನು ನಿಮ್ಮ ಮೆಕ್ಕೆಜೋಳದ ವಿಷಯಕ್ಕೆ ಬರೋಣ. ದಾವಣಗೆರೆ, ಹಾವೇರಿ ಸೀಮೆಯವರು ಗೋವಿನಜೋಳ ಎನ್ನುವುದೂ ಇದನ್ನೇ. ಒಣ ಕಾಳಿನಲ್ಲಿ ನೂರಕ್ಕೆ ಸುಮಾರು ೭೦ ಪಾಲು ಪಿಷ್ಟ. ಆ ಪಿಷ್ಟದಿಂದ ಔಷಧಿಗೂ ಮಿಠಾಯಿಗೂ ಬೇಕಾದ ಗ್ಲೂಕೋಸ್ ಮಾಡುತ್ತಾರೆ. ಈಚಿನ ವರ್ಷಗಳಲ್ಲಿ ಪೆಟ್ರೋಲಿಗೆ ಬೆರೆಸುವ ಎಥನಾಲನ್ನೂ ಬಹಳವಾಗಿ ಮಾಡುತ್ತಾರೆ. ಪಿಷ್ಟವನ್ನು ಸಕ್ಕರೆ ಮಾಡಬೇಕಾದರೆ ಮೊದಲು ಅದನ್ನು ಬೇಯಿಸಲೇಬೇಕು. ತಣ್ಣೀರಿನಲ್ಲಿ ಕದಡಿದ ಹಿಟ್ಟು ತಳಕ್ಕೆ ಕೂರುತ್ತದೆ, ಕಾಯಿಸಿದರೆ ಉಬ್ಬಿ ಒಡೆದು ಗಂಜಿಯಾಗುತ್ತದೆ. ಗಂಜಿಯಾದ ಮೇಲೇ ಕತ್ತರಿಸುವವನಿಗೆ ಎಟಕುವುದು.

ಹಿಂದೆ ಇದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ೧೪೦ ಡಿಗ್ರಿಯ ಸುಮಾರಿಗೆ ಒತ್ತಡದಲ್ಲಿ ಬೇಯಿಸುತ್ತಿದ್ದರು. ಆಮ್ಲಕ್ಕೆ ಪಾತ್ರೆಯೇ ಸವೆಯುತ್ತಿತ್ತು. ಸಕ್ಕರೆಯ ಜೊತೆಗೆ ಕಹಿ, ಬಣ್ಣ ಹುಟ್ಟುತ್ತಿತ್ತು. ಕೊನೆಗೆ ಆಮ್ಲವನ್ನು ಕೊಲ್ಲಲು ಸೋಡ ಹಾಕಬೇಕು. ಅದರಿಂದ ಉಪ್ಪಾಗಿ, ಆ ಉಪ್ಪನ್ನು ತೆಗೆಯುವುದೇ ಒಂದು ಕೆಲಸ. ಆಮೇಲೆ ಕಿಣ್ವ ಬಂತು. ಆದರೆ ಮೊದಲಿನ ಕಿಣ್ವಗಳು ಪೂರ್ತಿ ಬೇಯುವ ಬಿಸಿಗೆ ನಿಲ್ಲುತ್ತಿರಲಿಲ್ಲ. ೧೯೭೦ರ ದಶಕದಲ್ಲಿ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ, ನಮ್ಮ ಕಾಲಡಿಯ ಮಣ್ಣಿನಲ್ಲೇ ಇರುವ ಒಂದು ಸೂಕ್ಷ್ಮಜೀವಿಯ ಕಿಣ್ವ ಬಳಕೆಗೆ ಬಂದ ಮೇಲೆ ಕಷ್ಟ ನೀಗಿತು. ಈಗ ಹಿಟ್ಟಿನ ನೀರಿಗೆ ಕಿಣ್ವ ಬೆರೆಸಿ ಆವಿಯಿಂದ ೧೦೫ ಡಿಗ್ರಿಗೆ ಕೆಲವು ನಿಮಿಷ ಕಾಯಿಸುತ್ತಾರೆ, ಆಮೇಲೆ ೯೫ ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಡುತ್ತಾರೆ. ಮುದ್ದೆಯಂತೆ ಗಟ್ಟಿಯಾಗಬೇಕಾದ ಗಂಜಿ ನೀರಿನಂತೆ ಹರಿಯುತ್ತದೆ. ಅದನ್ನು ೬೦ ಡಿಗ್ರಿಗೆ ಆರಿಸಿ ಇನ್ನೊಂದು ಕಿಣ್ವ ಹಾಕಿದರೆ ಗ್ಲೂಕೋಸ್ ಸಿದ್ಧ. ಎಥನಾಲು ಬೇಕಾದವರು ಅದಕ್ಕೆ ಯೀಸ್ಟ್ ಹಾಕಿ ಹುಳಿಬರಿಸುತ್ತಾರೆ. ಸುಡುವ ಆಮ್ಲ ಬೇಡ, ಅಷ್ಟು ಉಪ್ಪು ಹೊರಬೀಳುವುದಿಲ್ಲ, ಉರುವಲೂ ಉಳಿಯುತ್ತದೆ.

ಇಲ್ಲಿ ನೀವು ಕಿವಿಗೊಡಬೇಕಾದ ಮಾತು ಒಂದಿದೆ. ೧೦೦ ಕಿಲೋ ಮೆಕ್ಕೆಜೋಳದಿಂದ ಸುಮಾರು ೩೮ ಲೀಟರು ಎಥನಾಲು ಬರುತ್ತದೆ, ಜೊತೆಗೆ ಸುಮಾರು ೩೦ ಕಿಲೋ ಒಣ ಹಿಂಡಿ ಉಳಿಯುತ್ತದೆ. ಅದನ್ನು ಡಿ.ಡಿ.ಜಿ.ಎಸ್. ಎಂಬ ಹೆಸರಿನಲ್ಲಿ ದನಕ್ಕೆ, ಕೋಳಿಗೆ ಮಾರುತ್ತಾರೆ. ಕಿಣ್ವ ಪಿಷ್ಟವನ್ನು ಕತ್ತರಿಸುತ್ತದೆಯೇ ಹೊರತು ಬೂಷ್ಟಿನ ವಿಷವನ್ನು ಕತ್ತರಿಸುವುದಿಲ್ಲ. ನೆನೆದ ಕಾಳಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಕುದಿಸಿದರೂ ಹೋಗುವುದಿಲ್ಲ. ಪಿಷ್ಟವೆಲ್ಲ ಎಥನಾಲಾಗಿ ಹೋದ ಮೇಲೆ, ೧೦೦ ಕಿಲೋ ಕಾಳಿನಲ್ಲಿದ್ದ ವಿಷ ೩೦ ಕಿಲೋ ಹಿಂಡಿಯಲ್ಲಿ ಬಂದು ಕೂತರೆ ಏನಾಯಿತು? ಮೂರು ಪಟ್ಟು ಗಟ್ಟಿಯಾಯಿತು. ಆ ಹಿಂಡಿ ತಿಂದ ಹಸುವಿನ ಹಾಲಿಗೂ ಅದರ ಅಂಶ ಇಳಿಯುತ್ತದೆ. ಆ ಹಾಲು ಕುಡಿಯುವವರು ನಮ್ಮ ಮಕ್ಕಳೇ. ಆದ್ದರಿಂದ ತೆನೆಯನ್ನು ಹಸಿ ನೆಲದ ಮೇಲೆ ಗುಡ್ಡೆ ಹಾಕಬೇಡಿ. ಸಿಮೆಂಟು ಕಣದ ಮೇಲೋ ಟಾರ್ಪಾಲಿನ ಮೇಲೋ ತೆಳ್ಳಗೆ ಹರಡಿ, ತೇವ ನೂರಕ್ಕೆ ೧೨ ರಿಂದ ೧೪ಕ್ಕೆ ಇಳಿಯುವ ತನಕ ಒಣಗಿಸಿ. ಹಲ್ಲಿಗಿಟ್ಟರೆ ಕಟ್ಟೆಂದು ಒಡೆಯಬೇಕು. ಬೂಷ್ಟು ಹಿಡಿದ ತೆನೆಯನ್ನು ಒಳ್ಳೆಯದರಲ್ಲಿ ಸೇರಿಸಬೇಡಿ. ತೂಕಕ್ಕೆ ನಾಲ್ಕು ಕಿಲೋ ಹೆಚ್ಚಾದೀತೆಂದು ಸೇರಿಸಿದ್ದು ತಿರುಗಿ ನಮ್ಮ ಕೊಟ್ಟಿಗೆಗೇ ಬರುತ್ತದೆ.

ಎರಡನೆಯದು ಬಟ್ಟೆ. ನೇಯುವಾಗ ಹಾಸಿನ ನೂಲು ಹರಿಯದಿರಲೆಂದು ಗಂಜಿ ಹಾಕುತ್ತಾರೆ. ರಬಕವಿ, ಬನಹಟ್ಟಿ, ಇಳಕಲ್ಲಿನ ನೇಕಾರರ ಮನೆಗಳಲ್ಲಿ ಇದನ್ನು ನೀವು ನೋಡಿರಬಹುದು. ಗಿರಣಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಮುಂಚೆ ಆ ಗಂಜಿಯನ್ನು ತೆಗೆಯಬೇಕು. ಆಮ್ಲದಿಂದ ತೆಗೆದರೆ ಗಂಜಿಯ ಜೊತೆ ಹತ್ತಿಯ ಎಳೆಯೂ ಸವೆಯುತ್ತದೆ. ಕಿಣ್ವವಾದರೆ ಗಂಜಿಯನ್ನು ಮಾತ್ರ ಮುಟ್ಟುತ್ತದೆ, ನೂಲನ್ನು ಮುಟ್ಟುವುದಿಲ್ಲ. ಶಾಖ ತಾಳುವ ಕಿಣ್ವವಾದರೆ ಗಿರಣಿಯ ಬಿಸಿನೀರಿನಲ್ಲೇ ಬೇಗ ಮುಗಿಸುತ್ತದೆ. ಹತ್ತಿಯ ಮೇಣವನ್ನು ಕಾಸ್ಟಿಕ್ ಸೋಡದ ಬದಲು ಕಿಣ್ವದಿಂದ ತೆಗೆಯುವ ಕ್ರಮವೂ ಈಗ ಇದೆ.

ಮೂರನೆಯದು ಕಾಗದ. ನೀಲಗಿರಿ, ಬಿದಿರು ಬೇಯಿಸಿದರೆ ಕಂದು ಬಣ್ಣದ ತಿರುಳು ಬರುತ್ತದೆ. ಅದನ್ನು ಬಿಳಿ ಮಾಡಲು ಕ್ಲೋರಿನ್ನಿನ ಜಾತಿಯ ಮದ್ದು ಬೇಕು. ಆ ಮದ್ದು ಮರದ ಅಂಟಿನೊಡನೆ ಸೇರಿ ನೀರಿಗೆ ಬಿದ್ದರೆ ಮೀನಿಗೂ ಮನುಷ್ಯನಿಗೂ ಕೇಡು. ೧೯೮೦ರ ದಶಕದಲ್ಲಿ ಫಿನ್ಲೆಂಡಿನವರು ಒಂದು ಉಪಾಯ ತೋರಿಸಿದರು. ಮೊದಲು ಜೈಲನೇಸ್ ಎಂಬ ಕಿಣ್ವವನ್ನು ತಿರುಳಿಗೆ ಹಾಕಿದರೆ ಎಳೆಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ, ಆಮೇಲೆ ಕಡಿಮೆ ಮದ್ದಿನಲ್ಲೇ ಬಿಳಿ ಬರುತ್ತದೆ. ಐದಾರು ಪಾಲಿನಲ್ಲಿ ಒಂದು ಪಾಲು ಮದ್ದು ಉಳಿಸಬಹುದು. ತಿರುಳು ಬಿಸಿಯಾಗಿಯೇ ಬರುತ್ತದೆ, ಅದರಲ್ಲಿ ಕ್ಷಾರವೂ ಇರುತ್ತದೆ. ಎರಡನ್ನೂ ತಾಳುವ ಕಿಣ್ವವಿದ್ದರೆ ತಿರುಳನ್ನು ಆರಿಸಿ ಮತ್ತೆ ಕಾಯಿಸುವ ದಂಡ ತಪ್ಪುತ್ತದೆ.

ಹಾಗಂತ ಕಿಣ್ವ ಬಂದ ಕಾರ್ಖಾನೆಯ ನೀರು ಗಂಗಾಜಲ ಅಂತ ತಿಳಿಯಬೇಡಿ. ಪಿಷ್ಟ, ಸಕ್ಕರೆ, ನಾರು ಬೆರೆತ ನೀರು ಹಳ್ಳಕ್ಕೆ ಬಿದ್ದರೆ ಅಲ್ಲೇ ಕೊಳೆತು ನೀರಿನ ಉಸಿರನ್ನೇ ಹೀರುತ್ತದೆ, ಮೀನು ಸಾಯುತ್ತವೆ. ಕಿಣ್ವ ಮದ್ದನ್ನು ಕಡಿಮೆ ಮಾಡುತ್ತದೆ, ನೀರು ಶುದ್ಧಿ ಮಾಡುವ ಕೆಲಸವನ್ನು ತಪ್ಪಿಸುವುದಿಲ್ಲ. ೧೯೭೪ರ ಜಲಮಾಲಿನ್ಯ ಕಾಯಿದೆಯಂತೆ ಕಾರ್ಖಾನೆ ನೀರು ಹೊರಬಿಡಬೇಕಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ನಿಮ್ಮ ಹಳ್ಳದ ನೀರಿನ ಬಣ್ಣವೋ ವಾಸನೆಯೋ ಬದಲಾದರೆ, ಯಾವ ದಿನ, ಯಾವ ಹೊತ್ತು ಎಂದು ಬರೆದಿಟ್ಟುಕೊಂಡು ಪಂಚಾಯಿತಿಯ ಮೂಲಕ ಮಂಡಳಿಗೆ ಅರ್ಜಿ ಕೊಡಿ. ಕೇಳುವುದು ನಿಮ್ಮ ಹಕ್ಕು.

ಈಗ ಕೋಳಿ ಸಾಕುವವರಿಗೆ ನೇರವಾಗಿ ಸಂಬಂಧಪಟ್ಟ ಸಂಗತಿ. ಕಾಳು, ಹಿಂಡಿ, ತೌಡಿನಲ್ಲಿ ರಂಜಕವಿದೆ. ಆದರೆ ಅದರಲ್ಲಿ ಮೂರರಲ್ಲಿ ಎರಡು ಪಾಲು ಫೈಟೇಟ್ ಎಂಬ ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ಕೋಳಿಯ ಹೊಟ್ಟೆಯಲ್ಲಿ ಆ ಬೀಗಕ್ಕೆ ತಕ್ಕ ಕೀಲಿಯಿಲ್ಲ. ಹಾಗಾಗಿ ಕಾಸು ಕೊಟ್ಟು ಡಿ.ಸಿ.ಪಿ. ಪುಡಿ ಬೆರೆಸುತ್ತೇವೆ, ಕಾಳಿನ ರಂಜಕ ಹಿಕ್ಕೆಯಲ್ಲಿ ಹೋಗುತ್ತದೆ. ಫೈಟೇಸ್ ಎಂಬ ಕಿಣ್ವ ಆ ಬೀಗದ ಕೀಲಿ. ೧೯೯೧ರಲ್ಲಿ ಇದು ಮೊದಲು ಯುರೋಪಿನಲ್ಲಿ ಮಾರಾಟಕ್ಕೆ ಬಂತು. ಗೊಬ್ಬರದ ರಂಜಕ ಹೆಚ್ಚಾಗಿ ನೀರು ಕೆಡುತ್ತಿದ್ದ ಹಾಲೆಂಡಿನಂಥ ನಾಡಿಗೆ ಅದು ಬಹಳ ಉಪಕಾರವಾಯಿತು.

ಗುಳಿಗೆ ಆಹಾರ ಮಾಡುವಾಗ ಹಿಟ್ಟಿಗೆ ಆವಿ ಕೊಟ್ಟು ೭೦ ರಿಂದ ೯೦ ಡಿಗ್ರಿಗೆ ಕಾಯಿಸಿ ಒತ್ತುತ್ತಾರೆ. ಸಾಧಾರಣ ಫೈಟೇಸ್ ಆ ಬಿಸಿಯಲ್ಲಿ ಬಹುಪಾಲು ಸತ್ತೇಹೋಗುತ್ತದೆ. ಅದಕ್ಕೇ ಶಾಖ ತಾಳುವ ಫೈಟೇಸನ್ನೋ, ಮೇಲೆ ಹೊದಿಕೆ ಕೊಟ್ಟದ್ದನ್ನೋ ಬಳಸಬೇಕು. ಇಲ್ಲವೆ ಗುಳಿಗೆ ಆರಿದ ಮೇಲೆ ಸಿಂಪಡಿಸಬೇಕು. ಗುಳಿಗೆ ಆಹಾರ ಕೊಳ್ಳುವವರು “ಇದರಲ್ಲಿ ಫೈಟೇಸ್ ಇದೆಯೇ, ಅದು ಗುಳಿಗೆಯ ಬಿಸಿ ತಾಳುವ ಜಾತಿಯೇ?” ಎಂದು ಕೇಳಿ. ಮನೆಯಲ್ಲೇ ಅರೆದು ಪುಡಿ ಆಹಾರ ಬೆರೆಸುವವರಿಗೆ ಬಿಸಿಯ ಪ್ರಶ್ನೆಯೇ ಇಲ್ಲ. ಅವರು ಹೆಚ್ಚು ಬೆಲೆಯ ಶಾಖ ತಾಳುವ ಜಾತಿಯನ್ನು ಕೊಳ್ಳಬೇಕಾಗಿಲ್ಲ. ಫೈಟೇಸ್ ಹಾಕಿ ಡಿ.ಸಿ.ಪಿ.ಯನ್ನು ಮೊದಲಿನಷ್ಟೇ ಹಾಕುತ್ತಾ ಹೋದರೆ ಉಳಿತಾಯವೇನೂ ಆಗುವುದಿಲ್ಲ. ಎಷ್ಟು ಇಳಿಸಬೇಕೆಂಬುದನ್ನು ಪಶುವೈದ್ಯರನ್ನು ಕೇಳಿಯೇ ಇಳಿಸಿ, ಅಂದಾಜಿನಲ್ಲಿ ಇಳಿಸಿದರೆ ಕೋಳಿಯ ಕಾಲು ಬಲಗುಂದುತ್ತದೆ, ಮೊಟ್ಟೆಯ ಇಳುವರಿಗೂ ಪೆಟ್ಟು. ಇನ್ನು ಹಸು, ಎಮ್ಮೆ, ಕುರಿಗೆ ಫೈಟೇಸ್ ಬೇಕೆಂದು ಯಾರಾದರೂ ಪೊಟ್ಟಣ ತಂದರೆ ಕೊಳ್ಳುವ ಗೋಜಿಗೆ ಹೋಗಬೇಡಿ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಸೂಕ್ಷ್ಮಜೀವಿಗಳೇ ಆ ಬೀಗ ತೆಗೆಯುತ್ತವೆ.

ಕಡೆಯದಾಗಿ, ತಾಯಂದಿರಿಗೆ ಮನೆಯಲ್ಲೇ ಮಾಡಿನೋಡುವ ಒಂದು ಕೆಲಸ ಹೇಳುತ್ತೇನೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಹುರಿಯದೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹಿಟ್ಟು ಮಾಡಿ. ಮೊಳಕೆಯಲ್ಲಿ ಪಿಷ್ಟ ಕತ್ತರಿಸುವ ಕಿಣ್ವ ತುಂಬಿರುತ್ತದೆ. ಆರು ತಿಂಗಳು ದಾಟಿದ ಮಗುವಿಗೆ ಗಂಜಿ ಮಾಡುವಾಗ ಮಾಮೂಲು ಹಿಟ್ಟನ್ನು ಗಟ್ಟಿಯಾಗಿಯೇ ಕಾಯಿಸಿ ಒಲೆಯಿಂದ ಇಳಿಸಿ. ಕುದಿ ಅಡಗಿ, ಉಣ್ಣುವ ಹದಕ್ಕಿಂತ ತುಸು ಹೆಚ್ಚು ಬಿಸಿ ಉಳಿದಾಗ ಒಂದು ಚಿಕ್ಕ ಚಮಚ ಮೊಳಕೆ ಹಿಟ್ಟು ಹಾಕಿ ತಿರುವಿ. ಕೆಲವು ನಿಮಿಷಕ್ಕೆ ಗಟ್ಟಿ ಗಂಜಿ ತಾನಾಗಿ ತೆಳ್ಳಗಾಗುತ್ತದೆ. ಆಮೇಲೆ ಇನ್ನೊಮ್ಮೆ ಒಂದೆರಡು ನಿಮಿಷ ಕುದಿಸಿ, ಆರಿಸಿ ಕುಡಿಸಿ. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಮಗುವಿನ ಪುಟ್ಟ ಹೊಟ್ಟೆಗೆ ನೀರೇ ಹೋಗುತ್ತದೆ. ಹೀಗೆ ಮಾಡಿದರೆ ಅದೇ ಬಟ್ಟಲಿನಲ್ಲಿ ಕಾಳಿನ ಸತ್ವ ಹೆಚ್ಚು ಹೋಗುತ್ತದೆ. ಅದೇ ಹಿಟ್ಟನ್ನು ಕೊತಕೊತ ಕುದಿಯುವ ಗಂಜಿಗೆ ಹಾಕಿನೋಡಿ, ಗಂಜಿ ತೆಳ್ಳಗಾಗುವುದೇ ಇಲ್ಲ. ರಾಗಿಯ ಕಿಣ್ವ ಶಾಖ ತಾಳುವ ಜಾತಿಯಲ್ಲ, ಹಾಕಿದ ಕೂಡಲೇ ಸತ್ತಿತು. ಕಾರ್ಖಾನೆಯವರು ಮಣ್ಣಿನ ಜೀವಿಯ ಕಿಣ್ವಕ್ಕೆ ಏಕೆ ಹಣ ಕೊಡುತ್ತಾರೆ ಎಂಬುದು ನಿಮ್ಮ ಒಲೆಯ ಮುಂದೆಯೇ ತಿಳಿಯುತ್ತದೆ.

ಕಿಣ್ವ ಎಂಬ ಹೆಸರು ಕೇಳಿದ ಕೂಡಲೇ ಮರುಳಾಗಬಾರದು ಎಂಬುದನ್ನೂ ಹೇಳಬೇಕು. ಬಿಸಿಯಲ್ಲೇ ನಡೆಯಬೇಕಾದ ಕೆಲಸಕ್ಕೆ ಶಾಖ ತಾಳುವ ಕಿಣ್ವ ಲೇಸು. ತಣ್ಣೀರಿನಲ್ಲಿ ಆಗುವ ಕೆಲಸಕ್ಕೆ ಅದನ್ನು ತಂದು, ಅದಕ್ಕೋಸ್ಕರ ನೀರು ಕಾಯಿಸಿದರೆ ಸೌದೆ ದಂಡ. ಎಲ್ಲ ಬೆಳೆಗೂ ಎಲ್ಲ ರೋಗಕ್ಕೂ ಒಂದೇ ಸೀಸೆಯ ಕಿಣ್ವ ಅಂತ ಮಾರಲು ಬಂದವರನ್ನು, ಇದು ಯಾವ ಕಿಣ್ವ, ಏನನ್ನು ಕತ್ತರಿಸುತ್ತದೆ, ಎಷ್ಟು ಬಿಸಿಗೆ ನಿಲ್ಲುತ್ತದೆ ಅಂತ ಕೇಳಿ. ಈ ಮೂರಕ್ಕೆ ಉತ್ತರವಿಲ್ಲದಿದ್ದರೆ ದುಡ್ಡು ಬಿಚ್ಚಬೇಡಿ. ಕೊಂಡ ಕಿಣ್ವದ ಪೊಟ್ಟಣವನ್ನು ತಗಡಿನ ಮಾಡಿನಡಿ, ಬಿಸಿಲಿನಲ್ಲಿ ಇಡಬೇಡಿ. ತೇವ ತಗಲದ ತಂಪು ಜಾಗದಲ್ಲಿಟ್ಟು, ಚೀಟಿಯ ಮೇಲಿನ ತಾರೀಖಿನೊಳಗೆ ಬಳಸಿ.

ಕಾಳನ್ನು ಚೆನ್ನಾಗಿ ಒಣಗಿಸಿ ಕೊಡಿ, ಹಿಂಡಿಯನ್ನು ನೋಡಿ ಕೊಳ್ಳಿ, ಹಳ್ಳದ ನೀರಿನ ಮೇಲೆ ಕಣ್ಣಿಡಿ. ಉಳಿದ ಕೆಲಸವನ್ನು ಆ ಕಣ್ಣಿಗೆ ಕಾಣದ ಆಳು ಮಾಡುತ್ತಾನೆ. ಈ ವಿಷಯದಲ್ಲಿ ಇನ್ನೇನಾದರೂ ಕೇಳಬೇಕೆನಿಸಿದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ, ಕೂತು ಮಾತಾಡೋಣ.